ಲ್ಯಾಬಿಗೆ ಆ್ಯಪ್ ಮಾಡುವ ಮೊದಲು ಬ್ಯೂರೆಟ್ ಹಿಡಿದವರನ್ನು ಕೇಳಿ

ವೋಟಿನ ಮೆಷಿನ್ ಒತ್ತುವುದಕ್ಕೆ ನಿಮ್ಮ ಅಜ್ಜಿ ಯಾವ ಕ್ಲಾಸಿಗೂ ಹೋಗಲಿಲ್ಲ. ಓದು ಬರಹ ಬಾರದಿದ್ದರೂ ಮತಗಟ್ಟೆಯ ಒಳಗೆ ಹೋಗುತ್ತಾರೆ, ಗುರುತು ನೋಡುತ್ತಾರೆ, ಪಕ್ಕದ ನೀಲಿ ಗುಂಡಿ ಒತ್ತುತ್ತಾರೆ. ಕೆಂಪು ದೀಪ ಹತ್ತುತ್ತದೆ, ಬೀಪ್ ಎಂದು ಸದ್ದಾಗುತ್ತದೆ, ಕೆಲಸ ಮುಗಿಯಿತು. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ, ಇಂಗ್ಲಿಷ್ ಇಲ್ಲ.

ಆ ಮೆಷಿನ್ ಮಾಡುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ಬಿಇಎಲ್. 1954ರಲ್ಲಿ ಹುಟ್ಟಿದ ಈ ಕಂಪನಿಯ ಮೂಲ ಕಾರ್ಖಾನೆ ಇರುವುದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ. ಮೆಷಿನ್ ಮೊದಲು ಬಳಕೆಗೆ ಬಂದದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಆಮೇಲೆ ಕೋರ್ಟು, ಕಾನೂನು, ತಿದ್ದುಪಡಿ ಎಂದು ಏನೇನೋ ಆಯಿತು. ಮೆಷಿನ್ ಬಗ್ಗೆ ರಾಜಕೀಯ ಜಗಳ ಇವತ್ತಿಗೂ ಇದೆ, ಅದು ಬೇರೆ ಮಾತು. ಆದರೆ 'ಒತ್ತುವುದು ಹೇಗೆ ಅಂತ ಗೊತ್ತಾಗಲಿಲ್ಲ' ಎಂದು ದೂರಿದ ಅಜ್ಜಿಯನ್ನು ನಾವು ಇಷ್ಟು ವರ್ಷದ ಚುನಾವಣೆ ವರದಿಗಾರಿಕೆಯಲ್ಲಿ ಕಂಡಿಲ್ಲ. ಯಾರು ಒತ್ತುತ್ತಾರೆ ಎಂದು ಯೋಚಿಸಿ ಮಾಡಿದ ಮೆಷಿನ್ ಅದು.

ಈಗ ಅದೇ ಜಾಲಹಳ್ಳಿ ಕ್ರಾಸಿನ ಸುತ್ತಮುತ್ತ ನಮ್ಮ ಕಡೆಯ ಹುಡುಗ ಹುಡುಗಿಯರು ರೂಮು ಹಿಡಿದಿದ್ದಾರೆ. ಮಧುಗಿರಿ, ಪಾವಗಡ, ಶಿರಾ, ಗೌರಿಬಿದನೂರು, ಚಳ್ಳಕೆರೆ, ಹೀಗೆ ಎಲ್ಲ ಕಡೆಯವರು. ಮೆಟ್ರೋ ಹತ್ತಿರ, ಪೀಣ್ಯ ಹತ್ತಿರ, ಊರಿನ ಬಸ್ಸೂ ಹತ್ತಿರ. ಇಂಜಿನಿಯರಿಂಗ್, ಬಿಸಿಎ, ಬಿಎಸ್ಸಿ ಓದುವವರು. ಇಂಟರ್ನ್‌ಶಿಪ್ ಮಾಡದೆ ಡಿಗ್ರಿ ಇಲ್ಲ ಎಂದು ವಿಟಿಯು ಪಠ್ಯಕ್ರಮವೇ ಹೇಳುವುದರಿಂದ ಯಾವುದೋ ಒಂದು ಕಂಪನಿಯ ಬಾಗಿಲು ತಟ್ಟಲೇಬೇಕು. ಅವರಲ್ಲಿ ಕೆಲವರಿಗೆ ಸಿಗುವ ಕೆಲಸ ಕೆಮಿಸ್ಟ್ರಿ ಲ್ಯಾಬುಗಳಿಗೆ ಡಿಜಿಟಲ್ ಟೂಲ್ ಮಾಡಿಕೊಡುವುದು. ಟೆಸ್ಟ್ ರಿಪೋರ್ಟ್ ಬರೆಯುವ ಆ್ಯಪ್, ಕೆಮಿಕಲ್ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್, ಟೈಟ್ರೇಷನ್ ಲೆಕ್ಕ ಹಾಕುವ ಕ್ಯಾಲ್ಕುಲೇಟರ್, ಬಾಟಲಿಗೆ ಕ್ಯೂಆರ್ ಕೋಡ್.

ಕೆಲಸ ಒಳ್ಳೆಯದೇ. ನಮ್ಮ ತಕರಾರು ಇರುವುದು ಮಾಡುವ ರೀತಿಯಲ್ಲಿ. ಬ್ಯೂರೆಟ್ ಯಾರ ಕೈಯಲ್ಲಿದೆಯೋ ಅವರನ್ನು ಒಂದು ಮಾತೂ ಕೇಳದೆ ಎಸಿ ರೂಮಿನಲ್ಲಿ ಕೂತು ಟೂಲ್ ಮಾಡಿಸುತ್ತಾರೆ. ಅದಕ್ಕೆ 'ಯೂಸರ್ ಫ್ರೆಂಡ್ಲಿ' ಎಂಬ ಹಣೆಪಟ್ಟಿ ಬೇರೆ. ಯೂಸರ್ ಯಾರು ಅಂತಲೇ ಗೊತ್ತಿಲ್ಲದ ಮೇಲೆ ಫ್ರೆಂಡ್ಲಿ ಆಗುವುದು ಯಾರಿಗೆ?

ಪೀಣ್ಯದ ಲ್ಯಾಬ್ ಎಂದರೆ ಸಿನಿಮಾದಲ್ಲಿ ತೋರಿಸುವ ಬಿಳಿ ಕೋಟಿನ ಲ್ಯಾಬ್ ಅಂದುಕೊಳ್ಳಬೇಡಿ. ಅಲ್ಲಿ ಪ್ಲೇಟಿಂಗ್ ಶೆಡ್‌ಗಳಿವೆ. ಕಬ್ಬಿಣದ ಬಿಡಿಭಾಗಕ್ಕೆ ಕ್ರೋಮ್, ನಿಕ್ಕಲ್, ಜಿಂಕ್ ಲೇಪನ ಹಾಕುವ ಜಾಗಗಳು. ಬೈಕಿನ ಹೊಳೆಯುವ ಭಾಗ, ನಲ್ಲಿಯ ತಲೆ, ಮೆಷಿನ್ನಿನ ರಾಡು ಎಲ್ಲ ಇಂಥ ಕಡೆ ಹೊಳಪು ಪಡೆಯುವುದು. ಶೆಡ್ಡಿನ ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಬ್ಯೂರೆಟ್ ಸ್ಟ್ಯಾಂಡ್, ನಾಲ್ಕು ಫ್ಲಾಸ್ಕ್, ಹಳೆಯ ತೂಕದ ಯಂತ್ರ, ಹಳದಿ ಕಲೆ ಹತ್ತಿದ ಒಂದು ನೋಟ್ ಪುಸ್ತಕ. ಅದೇ ಲ್ಯಾಬ್. ಅಲ್ಲಿ ನಿಂತಿರುವವರು ಬಿಎಸ್ಸಿ ಮಾಡಿದ ಹುಡುಗಿಯೋ, ಐಟಿಐ ಮಾಡಿದ ಹುಡುಗನೋ, ಇಲ್ಲ ಹತ್ತು ವರ್ಷದಿಂದ ನೋಡಿ ನೋಡಿ ಕಲಿತ ಹೆಲ್ಪರ್ ಅಣ್ಣನೋ ಆಗಿರುತ್ತಾರೆ.

ಕ್ರೋಮ್ ತೊಟ್ಟಿಯ ದ್ರಾವಣ ಎಷ್ಟು ಗಟ್ಟಿ ಇದೆ ಎಂದು ಅವರು ನೋಡುವ ಬಗೆ ಹೀಗೆ. ತೊಟ್ಟಿಯಿಂದ ಕೆಲವೇ ಎಂಎಲ್ ತೆಗೆದು ನೀರು ಬೆರೆಸುತ್ತಾರೆ. ಆಸಿಡ್ ಮತ್ತು ಪೊಟ್ಯಾಷಿಯಂ ಅಯೋಡೈಡ್ ಹಾಕಿದ ತಕ್ಷಣ ಕಂದು ಬಣ್ಣ ಬರುತ್ತದೆ. ಬ್ಯೂರೆಟ್‌ನಿಂದ ಥಯೋಸಲ್ಫೇಟ್ ಹನಿ ಹನಿಯಾಗಿ ಬಿಡುತ್ತಾ ಹೋದರೆ ಬಣ್ಣ ಒಣಹುಲ್ಲಿನಷ್ಟು ತಿಳಿಯಾಗುತ್ತದೆ. ಆಗ ಗಂಜಿ ನೀರು, ಅಂದರೆ ಸ್ಟಾರ್ಚ್, ಹಾಕಿದರೆ ಕಡುನೀಲಿ. ಮತ್ತೆ ಹನಿ ಬಿಟ್ಟು ಆ ನೀಲಿ ಹೋಗಿ ತಿಳಿಹಸಿರು ಉಳಿದ ಕ್ಷಣದಲ್ಲಿ ನಿಲ್ಲಿಸಿ ರೀಡಿಂಗ್ ನೋಡಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆ ಈ ಕಣ್ಣಿನ ಕಸರತ್ತು ನೆನಪಿರಬೇಕು.

ರೀಡಿಂಗ್ ಬಂದ ಮೇಲೆ ಅದನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು. ಥಯೋಸಲ್ಫೇಟ್ ಹೊಸದಾಗಿ ಕಲಸಿದರೆ ಆ ಸಂಖ್ಯೆಯೂ ಬದಲಾಗುತ್ತದೆ. ಸಾಮಾನ್ಯವಾಗಿ ಕ್ರೋಮ್ ತೊಟ್ಟಿಯಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್ ಇರಬೇಕು. ಲೆಕ್ಕದಲ್ಲಿ 220 ಬಂತು ಅಂದುಕೊಳ್ಳಿ. ಲೀಟರಿಗೆ 30 ಗ್ರಾಂ ಕಡಿಮೆ. ತೊಟ್ಟಿ 500 ಲೀಟರಿನದಾದರೆ 15 ಕಿಲೋ ಸೇರಿಸಬೇಕು. ಒಂದು ಸೊನ್ನೆ ತಪ್ಪಿದರೆ ಒಂದೂವರೆ ಕಿಲೋ, ಇಲ್ಲವೇ 150 ಕಿಲೋ. ರಾತ್ರಿ ಪಾಳಿಯ ಕೊನೆಗೆ, ಕಣ್ಣು ಎಳೆಯುವ ಹೊತ್ತಿನಲ್ಲಿ, ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಈ ಲೆಕ್ಕ ನಡೆಯುತ್ತಿರುತ್ತದೆ.

ಇಂಥ ಜಾಗಕ್ಕೆ ಒಂದು ಸಣ್ಣ ಆ್ಯಪ್ ನಿಜವಾಗಿಯೂ ಬೇಕು. ರೀಡಿಂಗ್ ಎಷ್ಟು, ತೊಟ್ಟಿ ಯಾವುದು ಎಂದು ಎರಡೇ ಪ್ರಶ್ನೆ ಕೇಳಬೇಕು. '15 ಕಿಲೋ ಸೇರಿಸಿ' ಎಂದು ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ಸಂಖ್ಯೆ ವಿಪರೀತ ಎನಿಸಿದರೆ ಕೆಂಪಗಾಗಿ 'ಇನ್ನೊಮ್ಮೆ ನೋಡಿ' ಅನ್ನಬೇಕು. ಓದುತ್ತಿರುವ ಹುಡುಗರು ಎರಡು ವಾರದಲ್ಲಿ ಮಾಡಬಲ್ಲ ಕೆಲಸ ಇದು.

ಆದರೆ ಅವರ ಕೈಗೆ ಬರುವ ಆ್ಯಪ್ ಹೇಗಿರುತ್ತದೆ ಗೊತ್ತೇ? ಮೊದಲು ಲಾಗಿನ್. ಇಮೇಲ್ ಕೇಳುತ್ತದೆ. ಒಟಿಪಿ ಬರುತ್ತದೆ, ಶೆಡ್ಡಿನ ತಗಡಿನ ಕೆಳಗೆ ನೆಟ್‌ವರ್ಕ್ ಇಲ್ಲದೆ ಅದೂ ಬರುವುದಿಲ್ಲ. ಆಮೇಲೆ ಡ್ಯಾಶ್‌ಬೋರ್ಡ್, ಗುಂಡನೆಯ ಚಾರ್ಟು, ಬಣ್ಣಬಣ್ಣದ ಗ್ರಾಫು, ಎಲ್ಲವೂ ಇಂಗ್ಲಿಷಿನಲ್ಲಿ. ರೀಡಿಂಗ್ ತುಂಬುವ ಜಾಗ ಹುಡುಕಲು ಮೂರು ಸಲ ಒಳಗೆ ಹೋಗಬೇಕು. ಕೈಯಲ್ಲಿ ರಬ್ಬರ್ ಗ್ಲೌಸ್ ಇರುವವರು ಹುರುಳಿ ಕಾಳಿನಷ್ಟು ಚಿಕ್ಕ ಗುಂಡಿ ಒತ್ತುವುದು ಹೇಗೆ? ಗ್ಲೌಸ್ ತೆಗೆಯುತ್ತಾರೆ. ಆಸಿಡ್ ಇರುವ ಜಾಗದಲ್ಲಿ ಒಂದು ಆ್ಯಪಿಗಾಗಿ ಗ್ಲೌಸ್ ತೆಗೆಸಿದರೆ ಅದು ಸುರಕ್ಷತೆಯ ಟೂಲ್ ಹೇಗಾಯಿತು?

ಇದು ಪೀಣ್ಯದ ಕೆಲಸಗಾರರ ಪಾಡು, ನಮಗೇನು ಅನ್ನಬೇಡಿ. ತೊಟ್ಟಿಯ ಲೆಕ್ಕ ತಪ್ಪಿ ಲೇಪನ ಕೆಟ್ಟರೆ ಆ ದ್ರಾವಣ, ಆ ತೊಳೆದ ನೀರು ಎಲ್ಲೋ ಒಂದು ಕಡೆ ಹೋಗಲೇಬೇಕು. ಕ್ರೋಮ್ ತೊಟ್ಟಿಯಲ್ಲಿರುವುದು ಆರರ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಪೀಣ್ಯ ತೀವ್ರ ಮಾಲಿನ್ಯದ ಪಟ್ಟಿಯಲ್ಲಿತ್ತು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಸಿಕ್ಕ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ಸುತ್ತಲಿನ ರೂಮುಗಳಲ್ಲೇ ನಮ್ಮ ಮಕ್ಕಳು ಇರುವುದು.

ನಮಗೆ ಪರಿಚಯದ ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ, ಹೆಸರು ಬೇಡ. ನಮ್ಮ ಜಿಲ್ಲೆಯವಳು, ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಳು. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಥದ್ದೇ ಲ್ಯಾಬ್ ಆ್ಯಪಿನ ಕೆಲಸ ಸಿಕ್ಕಿತು. ಎರಡು ತಿಂಗಳು ಅವಳಿಗೆ ಲ್ಯಾಬ್ ತೋರಿಸಲೇ ಇಲ್ಲ. 'ಕ್ಲೈಂಟ್ ಹತ್ತಿರ ಇಂಟರ್ನ್‌ಗಳು ಮಾತಾಡುವ ಹಾಗಿಲ್ಲ' ಎಂದರಂತೆ. ಎಕ್ಸೆಲ್ ಶೀಟ್ ನೋಡಿ ಸ್ಕ್ರೀನ್ ಮಾಡಿದಳು. ಕೊನೆಗೊಂದು ದಿನ ಫೈಲ್ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋದಳು. ಅಲ್ಲಿದ್ದ ಹೆಲ್ಪರ್ ಅಕ್ಕ ತಮ್ಮ ನೋಟ್ ಪುಸ್ತಕ ತೆಗೆದು ತೋರಿಸಿದರು. 'ನೋಡಮ್ಮ, ನಾವು ತೊಟ್ಟಿಗೆ ನಂಬರ್ ಹೇಳಲ್ಲ. ಬಾಗಿಲ ಪಕ್ಕದ್ದು, ಗೋಡೆ ಪಕ್ಕದ್ದು, ದೊಡ್ಡದು ಅಂತೀವಿ. ನಿನ್ನ ಫೋನಲ್ಲಿ ಟಿ-ಜೀರೋ-ತ್ರೀ ಅಂದ್ರೆ ಯಾವುದು ಅಂತ ತಿಳ್ಕೊಳ್ಳಲಿ?'

ಅವಳು ಆ ಸಂಜೆಯೇ ತೊಟ್ಟಿಗಳ ಫೋಟೋ ಹಾಕಿದಳು. ಫೋಟೋ ಮುಟ್ಟಿದರೆ ತೊಟ್ಟಿ ಆಯ್ಕೆ ಆಗುತ್ತದೆ, ಅಷ್ಟೇ. ಎರಡು ತಿಂಗಳ ಕೋಡಿಗಿಂತ ಆ ಒಂದು ಸಂಜೆಯ ಕೆಲಸ ಹೆಚ್ಚು ಉಪಯೋಗಕ್ಕೆ ಬಂತು ಎಂದು ಅವಳೇ ಹೇಳಿದಳು. ಆದರೆ ಮುಂದಿನ ವಾರ ಅವಳ ಅವಧಿ ಮುಗಿಯಿತು, ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಕೋಡ್ ಕಂಪನಿಯ ಕಂಪ್ಯೂಟರಿನಲ್ಲೇ ಉಳಿಯಿತು. ಅದನ್ನು ಮುಂದುವರಿಸಿದವರು ಯಾರೂ ಇಲ್ಲ. ಆ ಅಕ್ಕ ಮತ್ತೆ ನೋಟ್ ಪುಸ್ತಕಕ್ಕೆ ಮರಳಿದ್ದಾರೆ.

ಹೋಗಲಿ, ಅವಳಿಗೆ ಕೆಲಸವಾದರೂ ಕಲಿಸಿದರು. ಇಂಟರ್ನ್‌ಶಿಪ್ ಹೆಸರಿನಲ್ಲಿ ವಿದ್ಯಾರ್ಥಿಗಳಿಂದಲೇ ದುಡ್ಡು ಕಟ್ಟಿಸಿಕೊಂಡು, ಆನ್‌ಲೈನ್‌ನಲ್ಲಿ ನಾಲ್ಕು ವಿಡಿಯೋ ತೋರಿಸಿ, ಬಣ್ಣದ ಸರ್ಟಿಫಿಕೇಟ್ ಕಳಿಸುವ ಕಂಪನಿಗಳೂ ಇವೆ. ಜೋಳ ಮಾರಿ, ಸಂಘದಲ್ಲಿ ಸಾಲ ತೆಗೆದು ಈ ಫೀಸು ಕಟ್ಟಿದ ಅಪ್ಪಂದಿರನ್ನು ನಾವು ಬಲ್ಲೆವು. ಕೆಲಸ ಮಾಡುವವರು ದುಡ್ಡು ಕೊಡಬೇಕು ಎಂಬ ಪದ್ಧತಿ ಕೂಲಿಯಲ್ಲೂ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಎಂದು ನಿಗದಿ ಮಾಡಿದ್ದರು. ಜಾಲಹಳ್ಳಿಯ ಬಾಡಿಗೆ, ಊಟಕ್ಕೆ ಅದು ಸಾಲುವುದಿಲ್ಲ. ಆದರೂ ಕೊಡುವವರು ಕಂಪನಿ ಮತ್ತು ಸರ್ಕಾರ, ತೆಗೆದುಕೊಳ್ಳುವವರು ವಿದ್ಯಾರ್ಥಿ ಎಂಬುದಾದರೂ ಅಲ್ಲಿ ಸರಿಯಾಗಿದೆ.

ಚೆನ್ನಾಗಿ ಮಾಡುತ್ತಿರುವವರೂ ಇದ್ದಾರೆ, ಅದನ್ನೂ ಹೇಳಬೇಕು. ಕೇಂದ್ರದ 'ವರ್ಚುವಲ್ ಲ್ಯಾಬ್ಸ್' ಯೋಜನೆಯಲ್ಲಿ ಸೇರಿದ 12 ಸಂಸ್ಥೆಗಳಲ್ಲಿ ನಮ್ಮ ರಾಜ್ಯದ್ದು ಸುರತ್ಕಲ್ಲಿನ ಎನ್‌ಐಟಿಕೆ. ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ವ್ಯವಸ್ಥೆ ಅದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ತೆರೆದಿರುವುದು ಎಷ್ಟು ಮುಖ್ಯ ಎಂದು 2020ರ ಕೊನೆಗೆ ಗೊತ್ತಾಯಿತು. ಆಗ ಫ್ಲ್ಯಾಶ್ ಎಂಬ ಹಳೆಯ ತಂತ್ರಾಂಶ ನಿಂತುಹೋಗಿ, ಅದರಲ್ಲಿ ಮಾಡಿದ್ದ ಪ್ರಯೋಗಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಕೋಡ್ ಬೀಗದೊಳಗೆ ಇದ್ದಿದ್ದರೆ ಅವು ಅಲ್ಲೇ ಸತ್ತು ಹೋಗುತ್ತಿದ್ದವು. ಶಾಲಾ ಮಕ್ಕಳಿಗೆಂದು ಅಮೃತಾ ವಿಶ್ವವಿದ್ಯಾಲಯ ಮತ್ತು ಸಿ-ಡ್ಯಾಕ್ ಸೇರಿ ಮಾಡಿದ 'ಓಲ್ಯಾಬ್ಸ್' ಕೂಡ ಇದೆ. ಟೈಟ್ರೇಷನ್ನಿಗೆ ಬ್ಯೂರೆಟ್ಟೇ ಇಲ್ಲದ ಪಿಯು ಕಾಲೇಜುಗಳು ನಮ್ಮ ತಾಲ್ಲೂಕುಗಳಲ್ಲಿ ಇವೆಯಲ್ಲ, ಅಲ್ಲಿನ ಮಕ್ಕಳಿಗೆ ಇದು ಏನೂ ಇಲ್ಲದ್ದಕ್ಕಿಂತ ವಾಸಿ. ಹಾಗೆಂದು ಪರದೆ ಇದೆಯಲ್ಲ, ಲ್ಯಾಬ್ ಯಾಕೆ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಪರದೆಯ ಮೇಲೆ ಆಸಿಡ್ ಬಿದ್ದರೆ ಯಾರ ಕೈಯೂ ಉರಿಯುವುದಿಲ್ಲ.

ಐಐಟಿ ಬಾಂಬೆಯ ಫಾಸಿ ಯೋಜನೆ ಇನ್ನೊಂದು. ಡಿಡಬ್ಲ್ಯೂಸಿಮ್ ಎಂಬ ಉಚಿತ ಕೆಮಿಕಲ್ ಸಾಫ್ಟ್‌ವೇರ್‌ನಲ್ಲಿ ಕಾರ್ಖಾನೆಯ ಪ್ರಕ್ರಿಯೆಗಳ ನಕ್ಷೆ ಮಾಡಿ ಕಳಿಸಿದ ವಿದ್ಯಾರ್ಥಿಗಳಿಗೆ ಅವರು ಗೌರವಧನ ಕೊಡುತ್ತಾರೆ, ಕೆಲಸವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಅವರ ಇಂಟರ್ನ್‌ಶಿಪ್‌ಗೆ ಆಯ್ಕೆ ಆಗುವುದು ಕೊಟ್ಟ ಕೆಲಸ ಮಾಡಿ ತೋರಿಸುವುದರ ಮೇಲೆ. ಕಾಲೇಜಿನ ಹೆಸರು ದೊಡ್ಡದಿಲ್ಲದ ನಮ್ಮ ಮಕ್ಕಳಿಗೆ ಇಂಥ ಬಾಗಿಲು ಬೇಕು.

ಇನ್ನು ಊರಿನ ವಿಷಯಕ್ಕೆ ಬರೋಣ. ಕೆಮಿಸ್ಟ್ರಿ ಲ್ಯಾಬ್ ಎಂದರೆ ಪೀಣ್ಯದಲ್ಲೇ ಇರಬೇಕೆಂದಿಲ್ಲ, ನಿಮ್ಮ ಪಂಚಾಯಿತಿಯಲ್ಲೂ ಒಂದು ಇದೆ. ಮನೆಮನೆಗೆ ಗಂಗೆ, ಅಂದರೆ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ಅವರಿಗೆಂದೇ ಒಂದು ಡಬ್ಬಿ ಕೊಡುತ್ತಾರೆ, ಅದರಲ್ಲಿ ಸಣ್ಣ ಬಾಟಲಿಗಳು, ಗಾಜಿನ ಕೊಳವೆ, ಬಣ್ಣದ ಪಟ್ಟಿ. ಆ ಡಬ್ಬಿಯೇ ಲ್ಯಾಬ್. ಪರೀಕ್ಷೆ ಮಾಡುವ ಆ ಅಕ್ಕಂದಿರೇ ಕೆಮಿಸ್ಟ್‌ಗಳು.

ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಏನೆಂದು ಹೇಳಿಕೊಡಬೇಕಿಲ್ಲ. ಮಕ್ಕಳ ಹಲ್ಲಿನ ಮೇಲೆ, ಹಿರಿಯರ ಮಂಡಿಯಲ್ಲಿ ಅದು ಕಾಣುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎನ್ನುತ್ತದೆ ಮಾನದಂಡ. ಆ ಒಂದು, ಒಂದೂವರೆ, ಎರಡು ಎಂಬ ವ್ಯತ್ಯಾಸವನ್ನು ನಮ್ಮ ಅಕ್ಕ ಕಣ್ಣಳತೆಯಲ್ಲೇ ಹೇಳಬೇಕು. ಕೊಳವೆಯ ನೀರು ಗುಲಾಬಿಯಿಂದ ಹಳದಿ ಕಡೆಗೆ ತಿರುಗಿದ್ದನ್ನು ಪಟ್ಟಿಯ ಬಣ್ಣದ ಪಕ್ಕ ಹಿಡಿದು ನೋಡುತ್ತಾರೆ. ಬಿಸಿಲಿನಲ್ಲಿ ಒಂದು ಬಣ್ಣ ಕಂಡರೆ ಟ್ಯೂಬ್‌ಲೈಟಿನ ಕೆಳಗೆ ಇನ್ನೊಂದು. ಪಟ್ಟಿಯೂ ದಿನ ಕಳೆದ ಹಾಗೆ ಮಾಸುತ್ತದೆ. ಫೋನಿನ ಕ್ಯಾಮೆರಾದಲ್ಲಿ ಆ ಬಣ್ಣ ಓದಿಸುವುದು ಸಾಧ್ಯ. ಡಚ್ಚರ ಆಕ್ವೊ ಎಂಬ ಸಂಸ್ಥೆ 'ಕ್ಯಾಡಿಸ್‌ಫ್ಲೈ' ಹೆಸರಿನಲ್ಲಿ ಅಂಥದ್ದನ್ನು ಮಾಡಿ ತೋರಿಸಿದೆ. ಜಾಲಹಳ್ಳಿಯಲ್ಲಿ ಇಂಟರ್ನ್‌ಶಿಪ್‌ಗೆ ಅಲೆಯುವ ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ? ಬಳಸುವವರು ಅವರ ಅಮ್ಮ, ಚಿಕ್ಕಮ್ಮಂದಿರೇ. ಮಾಡಿದ್ದು ಸರಿಯಿಲ್ಲದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ.

ಮಣ್ಣಿನ ಆರೋಗ್ಯ ಕಾರ್ಡಿನ ಕಥೆಯೂ ಇದೇ. 2015ರಲ್ಲಿ ಶುರುವಾದ ಆ ಕಾರ್ಡಿನಲ್ಲಿ 12 ಅಂಶಗಳ ಲೆಕ್ಕ ಇರುತ್ತದೆ. ಲ್ಯಾಬಿನವರು ಕಷ್ಟಪಟ್ಟು ಪರೀಕ್ಷೆ ಮಾಡಿ ಅಂಕಿ ತುಂಬುತ್ತಾರೆ. ಕಾರ್ಡ್ ಮನೆಗೆ ಬಂದು ಗೋಡೆಯ ಮೊಳೆಗೆ ನೇತು ಬೀಳುತ್ತದೆ. ಇಸಿ 0.3 ಅಂದರೆ ಜಿಂಕ್ ಹಾಕಬೇಕೋ ಬೇಡವೋ ಎಂದು ಕೇಳಿದ ರೈತರೊಬ್ಬರಿಗೆ ಉತ್ತರಿಸಲು ನಮಗೂ ಸ್ವಲ್ಪ ಹೊತ್ತು ಬೇಕಾಯಿತು. ಒಂದಕ್ಕೊಂದು ಸಂಬಂಧ ಇಲ್ಲ. ಇಸಿ ಎಂದರೆ ಮಣ್ಣಿನಲ್ಲಿರುವ ಉಪ್ಪಿನ ಅಳತೆ.

ಭಾಷೆಯ ಮಾತು ಬಂದಾಗ ಕಂಪನಿಯವರು ಒಂದು ವಾದ ಹೇಳುತ್ತಾರೆ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಬೇಕು, ಆಡಿಟ್ ಇರುತ್ತದೆ, ದಾಖಲೆ ಇಂಗ್ಲಿಷಿನಲ್ಲೇ ಇರಬೇಕು, ಕನ್ನಡ ಆಗುವುದಿಲ್ಲ ಎಂದು. ರಿಪೋರ್ಟ್ ಇಂಗ್ಲಿಷಿನಲ್ಲಿ ಪ್ರಿಂಟ್ ಆಗಲಿ, ಬೇಡ ಅಂದವರು ಯಾರು? ಸಂಖ್ಯೆ ತುಂಬುವ ಪರದೆ ಕನ್ನಡದಲ್ಲಿರಲಿ. ಬ್ಯಾಂಕಿನ ಎಟಿಎಂ ಇದನ್ನೇ ಮಾಡುತ್ತದೆ, ಒಳಗಿನ ಲೆಕ್ಕ ಯಾವ ಭಾಷೆಯಲ್ಲಿದೆ ಎಂದು ನಾವು ಯಾರೂ ಕೇಳಿಲ್ಲ. ಪೀಣ್ಯದಲ್ಲಿ ಬಿಹಾರ, ಒಡಿಶಾ ಕಡೆಯ ಹುಡುಗರೂ ದುಡಿಯುತ್ತಾರೆ, ಅವರಿಗೆ ಹಿಂದಿ, ಒಡಿಯಾ ಪರದೆಯೂ ಇರಲಿ.

ಆದರೆ ಕನ್ನಡ ಎಂದ ಕೂಡಲೇ ನಿಘಂಟು ಹಿಡಿದು ಕೂರುವ ಹುಡುಗರಿಗೂ ಒಂದು ಮಾತು. ಶೆಡ್ಡಿನಲ್ಲಿ ಯಾರೂ 'ಅನುಮಾಪನ' ಅನ್ನುವುದಿಲ್ಲ, ಟೈಟ್ರೇಷನ್ ಅನ್ನುತ್ತಾರೆ. 'ರೀಡಿಂಗ್ ಎಷ್ಟು ಬಂತು' ಎಂದು ಕೇಳುವ ಆ್ಯಪ್ ಸಾಕು. 'ಅಳತೆಯ ಮೌಲ್ಯವನ್ನು ನಮೂದಿಸಿ' ಎಂದು ಕೇಳಿದರೆ ಅಕ್ಕ ಮತ್ತೆ ನೋಟ್ ಪುಸ್ತಕ ತೆಗೆಯುತ್ತಾರೆ.

ಎಲ್ಲವನ್ನೂ ಆ್ಯಪೇ ಮಾಡಿದರೆ ಮಕ್ಕಳು ಕೆಮಿಸ್ಟ್ರಿ ಮರೆಯುತ್ತಾರೆ ಎಂದು ಒಬ್ಬ ಪಿಯು ಮೇಷ್ಟ್ರು ನಮ್ಮ ಹತ್ತಿರ ವಾದ ಮಾಡಿದರು. ಅವರ ಮಾತಿನಲ್ಲಿ ಹುರುಳಿದೆ. ಹಾಗಾಗಿ ಉತ್ತರದ ಕೆಳಗೆ ಲೆಕ್ಕದ ದಾರಿಯೂ ಕಾಣಲಿ. ಎಷ್ಟನ್ನು ಎಷ್ಟರಿಂದ ಗುಣಿಸಿ 15 ಕಿಲೋ ಬಂತು ಎಂದು ಒಂದು ಸಾಲು ಇದ್ದರೆ, ಫೋನ್ ಚಾರ್ಜ್ ಇಲ್ಲದ ದಿನ ಕೈಯಲ್ಲೇ ಮಾಡಬಹುದು.

ಈ ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಹೊರಟಿರುವ ತಮ್ಮ ತಂಗಿಯರೇ, ಸೇರುವ ಮುಂಚೆ ಕಂಪನಿಯವರನ್ನು ಬಾಯಿಬಿಟ್ಟು ಕೇಳಿ: ನಾವು ಮಾಡುವುದನ್ನು ಬಳಸುವವರ ಹತ್ತಿರ ಮೊದಲ ವಾರದಲ್ಲೇ ಕರೆದುಕೊಂಡು ಹೋಗುತ್ತೀರಾ? ನಾವು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಸ್ಟೈಪೆಂಡ್ ಎಷ್ಟು? ದುಡ್ಡು ನೀವೇ ಕಟ್ಟಬೇಕು ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಕಾಲೇಜಿನವರಿಗೂ ಒಂದು ಬೇಡಿಕೆ: ತಾಲ್ಲೂಕಿನ ನೀರು ಪರೀಕ್ಷೆ ಲ್ಯಾಬು, ಮಣ್ಣು ಪರೀಕ್ಷೆ ಲ್ಯಾಬುಗಳಲ್ಲಿ ಮಾಡಿದ ಕೆಲಸವನ್ನೂ ಇಂಟರ್ನ್‌ಶಿಪ್ ಎಂದು ಒಪ್ಪಿ ಅಂಕ ಕೊಡಿ. ಬೆಂಗಳೂರಿನ ಕಂಪನಿಯ ಲೆಟರ್‌ಹೆಡ್ಡೇ ಬೇಕು ಎಂದು ಹಟ ಹಿಡಿಯಬೇಡಿ.

ಊರಲ್ಲೇ ಇರುವವರು ನಾಳೆ ಪಂಚಾಯಿತಿಗೆ ಹೋದಾಗ ನೀರು ಪರೀಕ್ಷೆಯ ಡಬ್ಬಿ ಎಲ್ಲಿದೆ, ಕಲಿತ ಆ ಐದು ಜನ ಯಾರು ಎಂದು ವಿಚಾರಿಸಿ. ಡಬ್ಬಿ ಸಿಕ್ಕರೆ ಬಾಟಲಿಯ ಮೇಲಿನ ದಿನಾಂಕ ಓದಿ, ಅವಧಿ ಮುಗಿದಿದ್ದರೆ ಪಿಡಿಒ ಅವರಿಗೆ ಬರೆದು ಕೊಡಿ. ಬಣ್ಣದ ಪಟ್ಟಿಯ ಒಂದು ಫೋಟೋ ತೆಗೆದು, ಜಾಲಹಳ್ಳಿಯಲ್ಲೋ ಪೀಣ್ಯದಲ್ಲೋ ರೂಮು ಮಾಡಿಕೊಂಡಿರುವ ನಿಮ್ಮ ಮನೆಯ ಹುಡುಗನಿಗೆ ವಾಟ್ಸ್ಆ್ಯಪ್ ಮಾಡಿ.